ಡಬ್ಬಿಗೆ ಲೇಬಲ್ ಹಚ್ಚೋ ಮಿಷಿನ್: ಕೈಕೆಲಸ, ಸ್ಟಿಕ್ಕರ್, ಗೋಂದು, ಸ್ಲೀವ್ - ಹೊಸೂರು ಕೃಷ್ಣಗಿರಿ ಕಡೆಯ ಪಲ್ಪ್ ಯೂನಿಟ್‌ಗೆ ಯಾವ್ದು ಸರಿ

ಬರ್ಗೂರು, ಕಾವೇರಿಪಟ್ಟಣಂ ಸುತ್ತಮುತ್ತ ಮಾವಿನ ಪಲ್ಪ್ ಫ್ಯಾಕ್ಟ್ರಿ ಇಟ್ಟಿರೋರಾಗ್ಲಿ, ಶೂಳಗಿರಿ ಹೊಸೂರು ಕಡೆ ಹೊಸದಾಗಿ ಕ್ಯಾನಿಂಗ್ ಶುರು ಮಾಡ್ಬೇಕು ಅಂತಿರೋರಾಗ್ಲಿ, ಲೇಬಲ್ ಮಿಷಿನ್ ಬಗ್ಗೆ ಮಾತು ಬಂತು ಅಂದ್ರೆ ಮೊದ್ಲು ಕೇಳೋದು ನಿಮಿಷಕ್ಕೆ ಎಷ್ಟು ಡಬ್ಬಿ ಹೊಡೀತದೆ ಅಂತ. ಮಾರೋನಿಗೂ ಅದೇ ಪ್ರಶ್ನೆ ಬೇಕು, 120 ಅಂತಾನೆ, 150 ಅಂತಾನೆ, ಇವ್ರ ಸೀಮರ್, ಅಂದ್ರೆ ಡಬ್ಬಿ ಮುಚ್ಚೋ ಮಿಷಿನ್ನು, ನಿಮಿಷಕ್ಕೆ ಎಷ್ಟು ಡಬ್ಬಿ ಮುಚ್ಚತ್ತೆ ಅನ್ನೋದನ್ನ ನೋಡಿ ಅದಕ್ಕೆ ಮ್ಯಾಚ್ ಆಗೋ ಮಿಷಿನ್ ಕೊಟೇಶನ್ ಕಳಿಸ್ತಾನೆ. ಆದ್ರೆ ನಮ್ಮ ವ್ಯಾಪಾರದಲ್ಲಿ ಡಬ್ಬಿ ಮುಚ್ಚೋ ದಿನಕ್ಕೂ ಲೇಬಲ್ ಹಚ್ಚೋ ದಿನಕ್ಕೂ ಸಂಬಂಧನೇ ಇಲ್ವಲ್ಲ ಸ್ವಾಮಿ. ಮೇ ಕೊನೆಯಿಂದ ಜುಲೈ ದಾಟೋವರ್ಗೂ ಹಗಲೂ ರಾತ್ರಿ ತೋತಾಪುರಿ ಅರ್ದು ತುಂಬ್ತೀವಿ, ಡಬ್ಬಿಗಳು ಪ್ಲೇನ್ ಆಗೇ ಗೋಡೌನ್‌ಗೆ ಹೋಗ್ತವೆ, ಉಬ್ಬುತ್ತಾ ಲೀಕ್ ಆಗತ್ತಾ ಅಂತ ನೋಡೋಕೆ ಒಂದಷ್ಟು ದಿನ ಕೂರ್ತವೆ, ಆಮೇಲೆ ಬಯರ್ ಆರ್ಡರ್ ಬಂದಾಗ ಅವನ ಬ್ರ್ಯಾಂಡ್ ಲೇಬಲ್ ಹಚ್ಚಿ ಕಾರ್ಟನ್‌ಗೆ ಹಾಕಿ ಚೆನ್ನೈ ಪೋರ್ಟ್‌ಗೆ ಗಾಡಿ ಬಿಡೋದು. ಒಂದೇ ಪಲ್ಪು, ಸೌದಿಗೆ ಹೋಗೋದಕ್ಕೆ ಅರಬ್ಬಿ ಲೇಬಲ್ಲು, ಇಲ್ಲೇ ಮಾರೋದಕ್ಕೆ ಬೇರೆ, ಯೂರೋಪಿನವನಿಗೆ ಇನ್ನೊಂದು.

ಅದಕ್ಕೆ ನಾನು ಹೇಳೋದು, ಸೀಮರ್ ಸ್ಪೀಡ್ ಮರ್ತುಬಿಡಿ, ಲೋಡಿಂಗ್ ದಿನದ ಲೆಕ್ಕ ಹಾಕಿ. ಹಂಗೆ ಹಾಕಿದ್ರೆ ಎಷ್ಟೋ ಯೂನಿಟ್‌ಗೆ ಬೇಕಾಗೋದು ಅವ್ರು ಅಂದ್ಕೊಂಡಿದ್ದಕ್ಕಿಂತ ಚಿಕ್ಕ ಮಿಷಿನ್ನು, ಕೆಲವ್ರಿಗಂತೂ ಮಿಷಿನ್ನೇ ಬೇಡ.

ಮೊದ್ಲು ಲೆಕ್ಕ

3.1 ಕೆಜಿ ಡಬ್ಬಿ, ಎ10 ಅಂತೀವಲ್ಲ, ಅದನ್ನೇ ತಗೊಳ್ಳಿ. ಕಾರ್ಟನ್‌ಗೆ 6 ಡಬ್ಬಿ, 20 ಅಡಿ ಕಂಟೇನರ್‌ಗೆ ಹತ್ರತ್ರ 1000 ಕಾರ್ಟನ್, ಅಂದ್ರೆ ಕಂಟೇನರ್ ಒಂದಕ್ಕೆ 6000 ಡಬ್ಬಿ. ನಿಮಿಷಕ್ಕೆ 60 ಹಚ್ಚೋ ಮಿಷಿನ್ ಇದ್ರೆ ನೂರು ನಿಮಿಷದ ಕೆಲಸ, 120 ಹಚ್ಚೋದಾದ್ರೆ ಐವತ್ತು ನಿಮಿಷ. ಆ ಉಳಿದ ಐವತ್ತು ನಿಮಿಷ ಇಟ್ಕೊಂಡು ಏನ್ ಮಾಡ್ತೀರ? ಕಾರ್ಟನ್ ಕಟ್ಟೋರು, ಟೇಪ್ ಹೊಡ್ಯೋರು, ಲೋಡ್ ಮಾಡೋರು ಅಷ್ಟು ಬೇಗ ಓಡೋದಿಲ್ಲ, ಡಬ್ಬಿ ಕನ್ವೇಯರ್ ಕೊನೇಲಿ ಒಂದಕ್ಕೊಂದು ಗುದ್ಕೊಂಡು ನಿಂತ್ಕೋತವೆ, ಲೇಬಲ್ ಕಿತ್ಕೊಳತ್ತೆ.

ಈಗ ಕೈಕೆಲಸದ ಲೆಕ್ಕ. ಪಳಗಿರೋ ಹೆಣ್ಣಾಳು ನಿಮಿಷಕ್ಕೆ ಎರಡೂವರೆ ಡಬ್ಬಿ ಹಚ್ತಾಳೆ ಅಂತ ಇಟ್ಕೊಳ್ಳಿ, 6000 ಡಬ್ಬಿಗೆ 2400 ನಿಮಿಷ, 40 ಗಂಟೆ ಆಳುಕೆಲಸ. ಹತ್ತು ಜನ ಕೂತ್ರೆ ಅರ್ಧ ದಿನ. ವರ್ಷಕ್ಕೆ ಐದಾರು ಕಂಟೇನರ್ ಕಳಿಸೋ ಯೂನಿಟ್ ಆದ್ರೆ ಇದಕ್ಕಿಂತ ಅಗ್ಗದ ಮಿಷಿನ್ ಇಲ್ಲ, ಇದನ್ನ ಯಾವ ಸೇಲ್ಸ್‌ನವನೂ ಹೇಳಲ್ಲ. ಬ್ರ್ಯಾಂಡ್ ಬದಲಾದ್ರೆ ಸೆಟ್ಟಿಂಗ್ ಇಲ್ಲ, ಡಬ್ಬಿ ಸೈಜ್ ಬದಲಾದ್ರೆ ಪಾರ್ಟ್ಸ್ ಇಲ್ಲ, ಕರೆಂಟ್ ಹೋದ್ರೂ ಕೆಲಸ ನಿಲ್ಲಲ್ಲ. ತೊಂದ್ರೆ ಇರೋದು ನೇರಾಗಿ ಕೂರೋದ್ರಲ್ಲಿ, ನೂರರಲ್ಲಿ ಕೆಲವು ಸೊಟ್ಟ ಆಗೇ ಆಗ್ತವೆ, ಮೇಲಿನ ಅಂಚು ಎರಡು ಮಿಲಿಮೀಟರ್ ಆ ಕಡೆ ಈ ಕಡೆ ಆದ್ರೆ ಸೂಪರ್‌ಮಾರ್ಕೆಟ್‌ಗೆ ಕೊಡೋ ಬಯರ್ ಒಪ್ಪಲ್ಲ, ಐಸ್‌ಕ್ರೀಮ್ ಜ್ಯೂಸ್ ಫ್ಯಾಕ್ಟ್ರಿಗೆ ಹೋಗೋದಾದ್ರೆ ಯಾರೂ ಕೇಳಲ್ಲ. ಇನ್ನೊಂದು ಮಾತು, ಕೈಯಲ್ಲಿ ಹಚ್ಚೋರು ದಯವಿಟ್ಟು ಮೈದಾ ಬೇಯಿಸಿದ ಅಂಟು ಬಳಸ್ಬೇಡಿ, ಜಿರಳೆ ಬರತ್ತೆ ಬೂಷ್ಟು ಹಿಡಿಯತ್ತೆ, ಫುಡ್ ಯೂನಿಟ್ ಆಡಿಟ್‌ಗೆ ಬಂದೋನು ಮೊದ್ಲು ಆ ಬಕೆಟ್ಟನ್ನೇ ನೋಡೋದು.

ಹದಿನೈದು ಇಪ್ಪತ್ತು ಕಂಟೇನರ್ ದಾಟಿದ್ರೆ, ಇಲ್ಲಾ ಆಳು ಸಿಗ್ತಿಲ್ಲ ಅಂದ್ರೆ, ಆಗ ಮಿಷಿನ್ ಮಾತಾಡೋಣ. ಸಿಪ್ಕಾಟ್ ಇಂಡಸ್ಟ್ರಿಯಲ್ ಏರಿಯಾದ ಕಂಪನಿಗಳು ಹೊಸೂರು ಸುತ್ತಿನ ಆಳನ್ನೆಲ್ಲ ಬಸ್ ಕಳಿಸಿ ಕರ್ಕೊಂಡು ಹೋಗ್ತಿರೋವಾಗ ಈ ಎರಡನೇ ಕಾರಣಕ್ಕೇ ಜಾಸ್ತಿ ಜನ ಮಿಷಿನ್ ಹುಡುಕ್ತಿರೋದು.

ಸ್ಟಿಕ್ಕರ್ ಮಿಷಿನ್, ಸೆಮಿ ಆಟೋಮ್ಯಾಟಿಕ್

ಟೇಬಲ್ ಮೇಲೆ ಕೂರೋ ಮಿಷಿನ್ನು, ಎರಡು ಮೂರು ರೋಲರ್, ಅದ್ರ ಮೇಲೆ ಡಬ್ಬಿ ಅಡ್ಡ ಮಲಗಿಸಿ ಪೆಡಲ್ ತುಳಿದ್ರೆ ಲೇಬಲ್ ಸುತ್ಕೊಳತ್ತೆ. ಸ್ಟಿಕ್ಕರ್ ಹಿಂದೆ ಇರೋ ನುಣುಪು ಕಾಗದ ಒಂದು ಚೂಪು ಪಟ್ಟಿ ಮೇಲಿಂದ ತಿರುಗಿ ಹಿಂದಕ್ಕೆ ಹೋಗತ್ತೆ, ಸ್ಟಿಕ್ಕರ್ ಬಗ್ಗದೆ ನೇರ ಮುಂದಕ್ಕೆ ಬಂದು ಡಬ್ಬಿಗೆ ತಾಗತ್ತೆ, ಎರಡು ಲೇಬಲ್ ನಡುವಿನ 3 ಮಿ.ಮೀ ಖಾಲಿ ಜಾಗ ಸೆನ್ಸಾರ್‌ಗೆ ಸಿಕ್ಕಿದ ಕೂಡ್ಲೇ ಮೋಟಾರ್ ನಿಲ್ಲತ್ತೆ. ಇಷ್ಟೇ. ಗೋಂದಿನ ಗಲೀಜಿಲ್ಲ, ಸಿಂಗಲ್ ಫೇಸ್ ಸಾಕು, ರೇಟೂ ಲಕ್ಷದ ಆಸುಪಾಸಲ್ಲಿ ಮುಗಿಯತ್ತೆ. ಉಪ್ಪಿನಕಾಯಿ, ತುಪ್ಪ, ಗೋಡಂಬಿಯಂಥ ಚಿಕ್ಕ ಡಬ್ಬಿಗೆ ಕಣ್ಮುಚ್ಕೊಂಡು ಇದನ್ನ ತಗೋಬಹುದು.

ಎ10ಗೆ ಮಾತ್ರ ಸ್ವಲ್ಪ ತಡೀರಿ. ಕ್ಯಾಟಲಾಗ್ ಕೊನೇ ಪುಟದಲ್ಲಿ ಡಬ್ಬಿ ವ್ಯಾಸ 25ರಿಂದ 100 ಮಿ.ಮೀ ಅಂತ ಬರ್ದಿರತ್ತೆ ನೋಡಿ. ನಮ್ಮ ಡಬ್ಬಿ ನಂಬರ್ 603, ಅಂದ್ರೆ 6 ಇಂಚು ಮತ್ತೆ ಇಂಚಿನ ಹದಿನಾರು ಪಾಲಲ್ಲಿ 3, ಅದು 157 ಮಿ.ಮೀ ಆಗತ್ತೆ, ಅದೂ ಮುಚ್ಚಳದ ಸೀಮ್, ಅಂದ್ರೆ ಮಡಚಿ ಒತ್ತಿರೋ ಅಂಚು, ಸೇರಿಸಿ ಅಳೆದಿದ್ದು. ಸೀಮ್ ಬಿಟ್ಟು ಬರೀ ಡಬ್ಬಿ ಮೈ 153 ಮಿ.ಮೀ ಚಿಲ್ಲರೆ. ಲೇಬಲ್ ಕೂರೋದು ಮೈ ಮೇಲೆ, ಹಂಗಾಗಿ ಸುತ್ತಳತೆ 482 ಆಸುಪಾಸು, 10 ಮಿ.ಮೀ ಒಂದ್ರ ಮೇಲೊಂದು ಕೂರೋಕೆ ಬಿಟ್ರೆ ಲೇಬಲ್ ಉದ್ದ 492. ನಂಬರ್ ನೋಡ್ಕೊಂಡು 157ಕ್ಕೆ ಲೆಕ್ಕ ಹಾಕಿ ಪ್ರಿಂಟ್ ಮಾಡ್ಸಿದ್ರೆ ಲೇಬಲ್ ಒಂದು ಸೆಂಟಿಮೀಟರ್ ಜಾಸ್ತಿ ಆಗಿ ಬಾರ್‌ಕೋಡ್ ಮೇಲೆ ಹತ್ಕೊಂಡು ಕೂರತ್ತೆ. ಒಂದು ಪೇಪರ್ ಪಟ್ಟಿ ಮೈಗೆ ಸುತ್ತಿ ಪೆನ್ನಲ್ಲಿ ಗೆರೆ ಎಳೆದು ಅಳೀರಿ, ಅದೇ ಸರಿ.

ಆಮೇಲೆ ರೋಲು. 300 ಮಿ.ಮೀ ವ್ಯಾಸದ ರೋಲ್, ಮಧ್ಯದ ಕೊಳವೆ 76 ಮಿ.ಮೀ, ಸ್ಟಿಕ್ಕರು ಹಿಂದಿನ ಕಾಗದ ಸೇರಿ 0.15 ಮಿ.ಮೀ ದಪ್ಪ ಅಂದ್ರೆ ಅದ್ರಲ್ಲಿ 440 ಮೀಟರ್ ಹಿಡಿಯತ್ತೆ, ನಮ್ಮ ಉದ್ದದ ಲೇಬಲ್ 900ರ ಒಳಗೇ. ಚಿಕ್ಕ ಮಿಷಿನ್‌ಗೆ 250ರ ರೋಲೇ ಹಿಡಿಸೋದು, ಆಗ 600. ಒಂದು ಕಂಟೇನರ್‌ಗೆ ಹತ್ತು ಸಲ ರೋಲ್ ಬದಲಾಯಿಸ್ಬೇಕು. 850 ಗ್ರಾಂ ಬರೋ 401ರ ಡಬ್ಬಿಗಾದ್ರೆ ಲೇಬಲ್ ಉದ್ದ 320 ಆಸುಪಾಸು, ದೊಡ್ಡ ರೋಲ್ ಒಂದ್ರಲ್ಲಿ 1300 ಕೂರತ್ತೆ, ಅಷ್ಟು ಕಿರಿಕಿರಿ ಇಲ್ಲ.

ಇನ್ನ ತೂಕ. ಪಲ್ಪ್ ತುಂಬಿದ ಎ10 ಡಬ್ಬಿ ತಗಡೂ ಸೇರಿ ಮೂರೂವರೆ ಕೆಜಿ ಹತ್ರ ಬರತ್ತೆ. ಸೆಮಿ ಆಟೋ ಅಂದ್ರೆ ಪ್ರತಿ ಡಬ್ಬಿ ಎತ್ತಿ ರೋಲರ್ ಮೇಲೆ ಇಡ್ಬೇಕು, ಮತ್ತೆ ಎತ್ತಿ ಕೆಳಗಿಡ್ಬೇಕು. ಕಂಟೇನರ್‌ಗೆ 21 ಟನ್, ಎರಡು ಸಲ ಎತ್ತಿದ್ರೆ 42 ಟನ್. ಬ್ರೋಷರ್‌ನಲ್ಲಿ ನಿಮಿಷಕ್ಕೆ 25 ಅಂತ ಇರೋದು ಕಾಲು ಲೀಟರ್ ಬಾಟ್ಲಿಗೆ, ಈ ಡಬ್ಬಿಗೆ ಬೆಳಿಗ್ಗೆ ಹತ್ತು ಹನ್ನೆರಡು ಬಂದ್ರೆ ಮಧ್ಯಾಹ್ನ ಊಟ ಆದ್ಮೇಲೆ ಏಳೆಂಟಕ್ಕೆ ಇಳಿಯತ್ತೆ, ಅವನ ಸೊಂಟ ನೋಡ್ಕೋಬೇಕಲ್ಲ.

ಸ್ಟಿಕ್ಕರ್ ಮಿಷಿನ್, ಪೂರ್ತಿ ಆಟೋಮ್ಯಾಟಿಕ್

ಕನ್ವೇಯರ್ ಮೇಲೆ ಡಬ್ಬಿ ನಿಂತ್ಕೊಂಡೇ ಬರತ್ತೆ, ಒಂದು ಕಡೆ ಓಡೋ ಬೆಲ್ಟು ಇನ್ನೊಂದು ಕಡೆ ಸ್ಪಂಜಿನ ಪ್ಯಾಡು, ನಡುವೆ ಡಬ್ಬಿ ತಿರುಗ್ತಾ ಲೇಬಲ್ ಸುತ್ಕೊಳತ್ತೆ. ನಿಮಿಷಕ್ಕೆ 60ರಿಂದ 120 ಅಂತ ಮಾರೋ ಮಿಷಿನ್‌ಗಳಲ್ಲಿ ಜಾಸ್ತಿ ಇದೇ ತರದವು, ಕೆಲವು ಲಕ್ಷ ಆಗತ್ತೆ. ಲೇಬಲ್ ಎಳೆಯೋ ಮೋಟಾರ್‌ನಲ್ಲಿ ಎರಡು ಜಾತಿ, ಸರ್ವೋ ಮೋಟಾರ್ ಇರೋದಕ್ಕೆ ದುಡ್ಡು ಜಾಸ್ತಿ, ಸ್ಟೆಪ್ಪರ್ ಇರೋದು ಅಗ್ಗ, ನಮ್ಮ ಸ್ಪೀಡಿಗೆ ಸ್ಟೆಪ್ಪರ್ ಸಾಕು ಅನ್ನೋದು ನನ್ನ ಅಭಿಪ್ರಾಯ, ಉಳಿದ ದುಡ್ಡಲ್ಲಿ ಮುಂದೆ ಹಿಂದೆ ರೌಂಡ್ ಟೇಬಲ್ ಹಾಕ್ಸಿ, ಡಬ್ಬಿ ಕೊಡೋನಿಗೂ ತಗೊಳ್ಳೋನಿಗೂ ಉಸಿರಾಡೋಕೆ ಟೈಮ್ ಸಿಗತ್ತೆ.

ಇಲ್ಲಿ ಖರ್ಚು ಇರೋದು ಮಿಷಿನ್‌ನಲ್ಲಲ್ಲ, ಲೇಬಲ್‌ನಲ್ಲಿ. ಸ್ಟಿಕ್ಕರ್ ಅಂದ್ರೆ ಕಾಗದ, ಅಂಟು, ಹಿಂದೆ ಬಿಸಾಕೋ ಇನ್ನೊಂದು ಕಾಗದ, ಮೂರಕ್ಕೂ ನೀವೇ ದುಡ್ಡು ಕೊಡೋದು. ಸಾದಾ ಪೇಪರ್ ಲೇಬಲ್‌ಗೂ ಇದಕ್ಕೂ ಒಂದಕ್ಕೆ 2 ರೂಪಾಯಿ ವ್ಯತ್ಯಾಸ ಅಂತ ಉದಾಹರಣೆಗೆ ಇಟ್ಕೊಳ್ಳಿ, ಕಂಟೇನರ್‌ಗೆ 12,000 ಆಯ್ತು, ವರ್ಷಕ್ಕೆ 40 ಕಂಟೇನರ್ ಕಳಿಸೋನಿಗೆ 4,80,000. ಎರಡು ವರ್ಷದಲ್ಲಿ ಇನ್ನೊಂದು ಮಿಷಿನ್ ದುಡ್ಡೇ ಹೋಯ್ತು. ನಿಮ್ಮ ಪ್ರಿಂಟರ್ ಹತ್ರ ಎರಡಕ್ಕೂ ರೇಟ್ ತಗೊಂಡು ಈ ಲೆಕ್ಕ ನೀವೇ ಹಾಕಿ, ಹಾಕದೆ ಮಿಷಿನ್ ಅಡ್ವಾನ್ಸ್ ಕೊಡ್ಬೇಡಿ.

ಎ10 ಮೈ ಮೇಲೆ ಗಟ್ಟಿಗೆ ಅಂತ ಒತ್ತಿರೋ ಏಣುಗಳು ಇರ್ತವಲ್ಲ, ಸ್ಟಿಕ್ಕರ್ ಆ ಏಣುಗಳ ತುದಿಗೆ ಮಾತ್ರ ಅಂಟತ್ತೆ, ನಡುವೆ ಗಾಳಿ. ಮೊದಲ ದಿನ ಚೆನ್ನಾಗೇ ಕಾಣತ್ತೆ, ಆಮೇಲೆ ಶೀಟ್ ಹಾಕಿರೋ ಗೋಡೌನ್ ಬಿಸಿಗೆ ಬಿಸಿಯಾಗಿ ತಣ್ಣಗಾಗಿ ಅಂಚು ಏಳೋಕೆ ಶುರು ಆಗತ್ತೆ. ಏಣಿಲ್ಲದ ನುಣುಪು ಡಬ್ಬಿಗೆ ಈ ಗೋಳಿಲ್ಲ.

ಗೋಂದಿನ ಮಿಷಿನ್, ಡಬ್ಬಿ ಉರುಳೋದು

ಕ್ಯಾನಿಂಗ್‌ನವ್ರ ಹಳೇ ಮಿಷಿನ್ ಇದೇ, ನನಗೆ ಎ10ಗೆ ಇದೇ ಇಷ್ಟ, ಮೊದ್ಲೇ ಹೇಳ್ಬಿಡ್ತೀನಿ. ಡಬ್ಬಿ ಅಡ್ಡ ಮಲಗಿ ತಾನೇ ಉರುಳ್ಕೊಂಡು ಒಳಗೆ ಹೋಗತ್ತೆ, ಮೇಲಿನ ಬೆಲ್ಟು ಅದನ್ನ ಉರುಳಿಸ್ತಾ ಇರತ್ತೆ. ಮೊದ್ಲು ಬಿಸಿ ಗೋಂದಿನ ಚಕ್ರದ ಮೇಲೆ ಹಾಯ್ದು ಮೈಗೆ ಎರಡು ಮೂರು ಗೋಂದಿನ ಬೊಟ್ಟು ಇಡಿಸ್ಕೊಳತ್ತೆ, ಮುಂದೆ ಲೇಬಲ್ ಅಟ್ಟಿ ಇರತ್ತೆ, ಅದ್ರ ಮೇಲೆ ಉರುಳ್ತಿದ್ದಂಗೆ ಮೇಲಿನ ಲೇಬಲ್‌ನ ತುದಿ ಆ ಬೊಟ್ಟಿಗೆ ಅಂಟಿ ಎದ್ದು ಚಾಪೆ ಸುತ್ತಿದ ಹಾಗೆ ಸುತ್ಕೊಳತ್ತೆ, ಬಾಲದ ತುದಿಗೆ ಮೊದ್ಲೇ ಒಂದು ಗೆರೆ ಗೋಂದು ಬಿದ್ದಿರತ್ತೆ, ಅದು ಲೇಬಲ್ ಮೇಲೇ ಲೇಬಲ್ ಅಂಟಿ ಮುಗೀತು. ಡಬ್ಬಿ ಬರ್ಲಿಲ್ಲ ಅಂದ್ರೆ ಲೇಬಲ್ ಏಳೋದಿಲ್ಲ, ಸೆನ್ಸಾರೇ ಬೇಕಿಲ್ಲ ಅದಕ್ಕೆ.

ಇದ್ರ ಲಾಭ ನೋಡಿ. ಲೇಬಲ್ ಡಬ್ಬಿಗೆ ಅಂಟಿರೋದು ಬರೀ ಒಂದು ಕಡೆ, ಉಳಿದಿದ್ದು ಬಿಗಿಯಾಗಿ ಸುತ್ಕೊಂಡಿರತ್ತೆ ಅಷ್ಟೇ, ಹಂಗಾಗಿ ಏಣಿದ್ರೂ ತೊಂದ್ರೆ ಇಲ್ಲ. ಮೈ ಪೂರ್ತಿ ನೀರಿನ ಗೋಂದು ಬಳಿದ್ರೆ ತಗಡಿಗೂ ಕಾಗದಕ್ಕೂ ನಡುವೆ ತೇವ ಸಿಕ್ಕಾಕ್ಕೊಂಡು ತುಕ್ಕು ಹಿಡಿಯೋ ಭಯ ಇರತ್ತೆ, ಇಲ್ಲಿ ಅದು ಕಮ್ಮಿ. ಡಬ್ಬಿ ತಾನೇ ಉರುಳೋದ್ರಿಂದ ಎತ್ತೋ ಕೆಲಸ ಅರ್ಧ ಕಮ್ಮಿ. ಲೇಬಲ್ ಸಾದಾ ಕಾಗದ, ಹೊಸೂರಲ್ಲೋ ಬೆಂಗಳೂರಲ್ಲೋ ಯಾವ ಆಫ್‌ಸೆಟ್ ಪ್ರೆಸ್‌ನಲ್ಲಾದ್ರೂ ಪ್ರಿಂಟ್ ಮಾಡಿ ಕಟ್ ಮಾಡ್ಸಿ ತರಬಹುದು, ಮೂರು ಕಂಟೇನರ್‌ಗೆ ಒಂದು ಬ್ರ್ಯಾಂಡ್ ಎರಡು ಕಂಟೇನರ್‌ಗೆ ಇನ್ನೊಂದು ಅನ್ನೋ ನಮ್ಮ ತರದ ಆರ್ಡರ್‌ಗೆ ಅದು ದೊಡ್ಡ ಅನುಕೂಲ. ಬ್ರ್ಯಾಂಡ್ ಬದಲಾಯ್ಸೋದು ಅಂದ್ರೆ ಅಟ್ಟಿ ತೆಗ್ದು ಇನ್ನೊಂದು ಅಟ್ಟಿ ಇಡೋದು.

ಬೇಜಾರು ಅಂದ್ರೆ ಗೋಂದು. ಬಿಸಿ ಗೋಂದು 150 ಡಿಗ್ರಿ ಹತ್ರ ಕಾಯ್ಬೇಕು, ಬೆಳಿಗ್ಗೆ ಸ್ವಿಚ್ ಹಾಕಿ ಅರ್ಧ ಗಂಟೆ ಮುಕ್ಕಾಲು ಗಂಟೆ ಕಾಯ್ಲೇಬೇಕು, ನಡುವೆ ಕರೆಂಟ್ ಹೋಗಿ ಜನರೇಟರ್ ಬರೋದ್ರೊಳಗೆ ತಣ್ಣಗಾದ್ರೆ ಮತ್ತೆ ಶುರು. ಅದೇ ಗೋಂದನ್ನ ದಿನಗಟ್ಲೆ ಕಾಯಿಸ್ತಾ ಇದ್ರೆ ಕಪ್ಪಗಾಗಿ ಸುಟ್ಟು ಹೋಗತ್ತೆ, ಬೊಟ್ಟು ಬೊಟ್ಟಾಗಿ ಬೀಳಲ್ಲ, ದಾರ ದಾರ ಎಳ್ಕೊಂಡು ಲೇಬಲ್ ಮೇಲೆಲ್ಲ ಅಂಟತ್ತೆ. ದಿನಾ ಸಂಜೆ ಚಕ್ರ ಕ್ಲೀನ್ ಮಾಡೋ ಒಬ್ಬ ಆಪರೇಟರ್ ಬೇಕು, ಆ ಒಬ್ಬನು ಕೆಲಸ ಬಿಟ್ಟು ಹೋದ ಅಂದ್ರೆ ಮಿಷಿನ್ ಮೂಲೆ ಸೇರತ್ತೆ, ಎಷ್ಟೋ ಕಡೆ ಆಗಿರೋದೇ ಇದು. ಲೇಬಲ್ ಕಟ್ಟಿಂಗ್ ಕೂಡ ಸರಿಯಾಗಿರ್ಬೇಕು, ಒಂದು ಮಿ.ಮೀ ಏರುಪೇರಾದ್ರೆ ಅಟ್ಟಿಯಲ್ಲಿ ಕೂರಲ್ಲ, ಎರಡೆರಡು ಏಳತ್ತೆ. ಕಾಗದದ ನಾರು ಯಾವ ಕಡೆಗೆ ಇರ್ಬೇಕು ಅಂತ ಮಿಷಿನ್‌ನವನನ್ನ ಕೇಳಿ ಪ್ರೆಸ್‌ಗೆ ಕೊಡೋ ಆರ್ಡರ್‌ನಲ್ಲೇ ಬರ್ದುಬಿಡಿ, ಮಳೆಗಾಲದಲ್ಲಿ ಲೇಬಲ್ ಸುರುಳಿ ಸುತ್ಕೊಳ್ಳೋ ಕಾಟಕ್ಕೆ ಅರ್ಧ ಕಾರಣ ಅದೇ.

ಹೊಸದು ತಗೊಳ್ಳೋಕೆ ದುಬಾರಿ ಅನ್ನಿಸಿದ್ರೆ ಈ ಜಾತಿ ಮಿಷಿನ್ ಸೆಕೆಂಡ್ ಹ್ಯಾಂಡ್ ತಗೊಂಡ್ರೂ ನಷ್ಟ ಇಲ್ಲ, ಒಳಗಿರೋದೆಲ್ಲ ಬೆಲ್ಟು, ಚೈನು, ಬೇರಿಂಗು, ಹೀಟರು. ಲೇತ್ ಇರೋ ಯಾವ ವರ್ಕ್‌ಶಾಪ್‌ನವನೂ ರಿಪೇರಿ ಮಾಡ್ತಾನೆ.

ರೋಲಿಂದ ಕಟ್ ಮಾಡಿ ಗೋಂದು ಹಚ್ಚೋ ಮಿಷಿನ್‌ಗಳೂ ಇವೆ, ಜರ್ಮನಿಯ ಕ್ರೋನ್ಸ್‌ನವ್ರ ಕಾಂಟಿರೋಲ್ ಆ ತರದ್ದು, ಗಂಟೆಗೆ ಹತ್ತಾರು ಸಾವಿರ ಲೆಕ್ಕದಲ್ಲಿ ಓಡೋ ನೀರು ಕೂಲ್‌ಡ್ರಿಂಕ್ಸ್ ಫ್ಯಾಕ್ಟ್ರಿಗೆ ಅದು. ನಮಗೆ ಬೇಡ.

ಸ್ಲೀವ್, ಪ್ರಿಂಟ್ ಮಾಡಿದ ಡಬ್ಬಿ

ಪ್ಲಾಸ್ಟಿಕ್ ತೋಳು ಇಳಿಸಿ ಹಬೆ ಸುರಂಗದಲ್ಲಿ ಕುಗ್ಗಿಸೋದು ಸ್ಲೀವ್. ಎಳನೀರು, ಮಾವಿನ ಜ್ಯೂಸ್ ಅಂತ ಅಲ್ಯೂಮಿನಿಯಂ ಕ್ಯಾನ್‌ನಲ್ಲಿ ಸ್ವಲ್ಪ ಸ್ವಲ್ಪ ಮಾರ್ಕೆಟ್‌ಗೆ ಬಿಟ್ಟು ನೋಡೋರಿಗೆ ಇದು ಸರಿ, ಯಾಕಂದ್ರೆ ಕ್ಯಾನ್ ಮೇಲೇ ಪ್ರಿಂಟ್ ಮಾಡ್ಸೋಕೆ ಹೋದ್ರೆ ಡಿಸೈನ್ ಒಂದಕ್ಕೆ ಲಕ್ಷಗಟ್ಲೆ ಕ್ಯಾನ್ ಎತ್ತಬೇಕು. ಆದ್ರೆ ಸ್ಲೀವ್ ಮಿಷಿನ್ ಒಂದೇ ಅಲ್ಲ, ಹಬೆಗೆ ಬಾಯ್ಲರ್, ಒಣಗಿಸೋಕೆ ಬ್ಲೋವರ್, ಜಾಗ. ಕರೆಂಟಿನ ಬಿಸಿಗಾಳಿ ಸುರಂಗ ಅಗ್ಗ, ಆದ್ರೆ ಒಂದು ಕಡೆ ಜಾಸ್ತಿ ಕುಗ್ಗಿ ಅಕ್ಷರ ಸೊಟ್ಟ ಆಗತ್ತೆ. ಪಲ್ಪ್ ಫ್ಯಾಕ್ಟ್ರಿಲಿ ಬಾಯ್ಲರ್ ಹೇಗೂ ಇರತ್ತೆ ಅನ್ನೋದು ನಿಜ, ಆದ್ರೂ ಎ10 ಡಬ್ಬಿಗೆ ಸ್ಲೀವ್ ಹಾಕ್ಸಿ ಯಾರಿಗೆ ತೋರಿಸ್ಬೇಕು.

ಯಾವ ಮಿಷಿನ್ ಆದ್ರೂ ಡಬ್ಬಿ ಮೈ ಸರಿ ಇರ್ಲಿ

ಲೇಬಲ್ ನಿಲ್ತಿಲ್ಲ ಅಂತ ಮಿಷಿನ್ ಬೈಯೋರು ಒಂದ್ಸಲ ಡಬ್ಬಿ ಮುಟ್ಟಿ ನೋಡ್ಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಮೇಲೆ ಬಿಳಿ ಪುಡಿ ಬಂದ್ರೆ ಅದು ಗಡಸು ನೀರಿನ ಉಪ್ಪು, ನಮ್ಮ ಬೋರ್‌ವೆಲ್ ನೀರಲ್ಲಿ ಬೇಯಿಸಿ ತಣ್ಣಗೆ ಮಾಡಿದ್ರೆ ಇದು ಗ್ಯಾರಂಟಿ. ಜಿಡ್ಡು ಬಂದ್ರೆ ಸೀಮರ್ ಎಣ್ಣೆ ಇಲ್ಲಾ ಚೆಲ್ಲಿದ ಪಲ್ಪು. ಎರಡ್ರ ಮೇಲೂ ಯಾವ ಅಂಟೂ ನಿಲ್ಲಲ್ಲ. ಬೇಯಿಸಿ ಆದ್ಮೇಲೆ ಡಬ್ಬಿಯನ್ನ ಪೂರ್ತಿ ತಣ್ಣಗೆ ಮಾಡ್ಬೇಡಿ, 38-40 ಡಿಗ್ರಿಯಲ್ಲಿ ನೀರಿಂದ ತೆಗೀರಿ, ಆ ಉಳಿದ ಬಿಸಿಗೇ ಮೈ ತಾನೇ ಒಣಗತ್ತೆ, ತುಕ್ಕು ಹಿಡಿಯಲ್ಲ. ತಿಂಗಳುಗಟ್ಲೆ ಗೋಡೌನ್‌ನಲ್ಲಿ ನಿಂತಿದ್ದಕ್ಕೆ ಧೂಳು ಇದ್ದೇ ಇರತ್ತೆ, ಲೇಬಲ್ ಮಿಷಿನ್ ಮುಂದೆ ಎರಡು ಬ್ರಷ್ಷು ಒಂದು ಬ್ಲೋವರ್ ಹಾಕೋ ಖರ್ಚು ಏನೂ ಅಲ್ಲ.

ಪ್ಲೇನ್ ಡಬ್ಬಿ ಇಡೋರು ಬ್ಯಾಚ್ ನಂಬರ್, ತಾರೀಕು ಮುಚ್ಚಳದ ಮೇಲೆ ತುಂಬೋ ದಿನವೇ ಇಂಕ್‌ಜೆಟ್‌ನಲ್ಲೋ ಒತ್ತಿಯೋ ಹಾಕಿರ್ಬೇಕು, ಲೇಬಲ್ ಮೇಲೆ ಆಮೇಲೆ ಹಾಕೋಣ ಅಂದ್ರೆ ಯಾವ ಅಟ್ಟಿ ಯಾವತ್ತಿನದು ಅಂತ ದೇವರಿಗೇ ಗೊತ್ತು. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಹಸಿರು ಚುಕ್ಕೆ, ನಿವ್ವಳ ತೂಕ ಇದೆಲ್ಲ ಲೇಬಲ್ ಪ್ರಿಂಟ್‌ನಲ್ಲೇ ಬರತ್ತೆ, ಅದಕ್ಕೆ ಮಿಷಿನ್ ಸಂಬಂಧ ಇಲ್ಲ.

ತಗೊಳ್ಳೋ ಮುಂಚೆ

ಚುಟುಕಾಗಿ ನನ್ನ ಆಯ್ಕೆ ಕೇಳಿದ್ರೆ: ವರ್ಷಕ್ಕೆ ಹತ್ತು ಕಂಟೇನರ್ ಒಳಗೆ, ಆಳು ಸಿಗ್ತಾರೆ, ಕೈಕೆಲಸ. ಚಿಕ್ಕ ಡಬ್ಬಿ, ಹತ್ತು ತರದ ಐಟಮ್ಮು, ಅಂಗಡಿಗೆ ಹೋಗೋದು, ಸೆಮಿ ಆಟೋ ಸ್ಟಿಕ್ಕರ್. 850 ಗ್ರಾಂ ನುಣುಪು ಡಬ್ಬಿ, ಬ್ರ್ಯಾಂಡ್ ಸ್ವಂತದ್ದು, ಆಟೋ ಸ್ಟಿಕ್ಕರ್. ಎ10 ಜಾಸ್ತಿ, ಬಯರ್‌ಗಳ ಬ್ರ್ಯಾಂಡು, ನಂಬಿಕಸ್ಥ ಆಪರೇಟರ್ ಇದ್ದಾನೆ, ಉರುಳೋ ಗೋಂದಿನ ಮಿಷಿನ್. ಆಪರೇಟರ್ ಇಲ್ಲ ಅಂದ್ರೆ ಲೇಬಲ್ ಖರ್ಚು ಜಾಸ್ತಿ ಆದ್ರೂ ಪರ್ವಾಗಿಲ್ಲ ಸ್ಟಿಕ್ಕರ್‌ಗೇ ಹೋಗಿ.

ಮಿಷಿನ್ ಮಾರೋನು ಬೆಂಗಳೂರು ಪೀಣ್ಯದವನಾಗ್ಲಿ ಕೊಯಮತ್ತೂರಿನವನಾಗ್ಲಿ ಅಹಮದಾಬಾದಿನವನಾಗ್ಲಿ, ಅವನ ಡೆಮೋ ಡಬ್ಬಿ ನೋಡಿ ತಲೆ ಆಡಿಸ್ಬೇಡಿ. ನಿಮ್ಮ ಗೋಡೌನ್‌ನಿಂದ ಧೂಳು ಹಿಡಿದಿರೋವು, ಸ್ವಲ್ಪ ನೆಗ್ಗಿರೋವು ಸೇರಿಸಿ ನಾಲ್ಕೈದು ಕಾರ್ಟನ್ ತಗೊಂಡು ಹೋಗಿ, ನಿಮ್ಮ ಲೇಬಲ್ಲೇ ಹಚ್ಚಿಸಿ, ಒಂದು ವಾರ ಬಿಸಿಲು ಬೀಳೋ ಜಾಗದಲ್ಲಿ ಇಟ್ಟು ಅಂಚು ನೋಡಿ, ಆಮೇಲೆ ಬ್ಯಾಲೆನ್ಸ್ ಕೊಡಿ. 603ರಿಂದ 401ಕ್ಕೆ ಬದಲಾಯ್ಸೋದನ್ನ ನಿಮ್ಮ ಆಪರೇಟರ್ ಕೈಯಲ್ಲೇ ಮಾಡ್ಸಿ ಟೈಮ್ ನೋಡಿ, ಅವನ ಇಂಜಿನಿಯರ್ ಹತ್ತು ನಿಮಿಷದಲ್ಲಿ ಮಾಡೋದು ಲೆಕ್ಕಕ್ಕಿಲ್ಲ. ಆ ಬದಲಾವಣೆಗೆ ಬೇಕಾದ ಪಾರ್ಟ್ಸ್ ರೇಟ್‌ನಲ್ಲಿ ಸೇರಿದ್ಯಾ ಅಂತ ಬರಹದಲ್ಲಿ ತಗೊಳ್ಳಿ. ಸ್ಟಿಕ್ಕರ್ ಮಿಷಿನ್ ಆದ್ರೆ ಸೆನ್ಸಾರ್ ಒಂದು, ಮೋಟಾರ್ ಓಡಿಸೋ ಡ್ರೈವ್ ಒಂದು, ಬೆಲ್ಟ್ ಎರಡು ಮೊದಲ ದಿನವೇ ಸ್ಪೇರ್ ಇಟ್ಕೊಳ್ಳಿ, ಲೋಡಿಂಗ್ ದಿನ ಕೊರಿಯರ್ ಕಾಯೋಕಾಗಲ್ಲ.

ದುಡ್ಡಿನ ಕಡೆ, ಕೊಟೇಶನ್ ರೇಟ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಲಾರಿ ಬಾಡಿಗೆ ಬೇರೆ. ಚಿಕ್ಕ ಯೂನಿಟ್‌ನವ್ರು ಪಿಎಂಎಫ್‌ಎಂಇ ಸ್ಕೀಮ್ ನೋಡಿ, ಚಿಕ್ಕ ಫುಡ್ ಯೂನಿಟ್‌ಗಳಿಗೆ ಅಂತ ಕೇಂದ್ರ ಸರ್ಕಾರ ಮಾಡಿದ್ದು, 2020ರಲ್ಲಿ ಶುರು ಆಗಿದ್ದು, ಬ್ಯಾಂಕ್ ಲೋನ್ ಜೊತೆ ಪ್ರಾಜೆಕ್ಟ್ ಖರ್ಚಿನ 35 ಪರ್ಸೆಂಟ್, ಜಾಸ್ತಿ ಅಂದ್ರೆ 10 ಲಕ್ಷ ಸಬ್ಸಿಡಿ, ಕೈಯಿಂದ ಕನಿಷ್ಠ 10 ಪರ್ಸೆಂಟ್ ಹಾಕ್ಬೇಕು. ಈಗ ಅರ್ಜಿ ತಗೋತಿದ್ದಾರಾ ಅಂತ ಕೃಷ್ಣಗಿರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಲೋನ್ ಸ್ಯಾಂಕ್ಷನ್ ಆಗೋ ಮುಂಚೆ ಮಿಷಿನ್ ಬಿಲ್ ಮಾಡ್ಸಿಬಿಟ್ರೆ ಆಮೇಲೆ ಓಡಾಡ್ಬೇಕಾಗತ್ತೆ, ಹಂಗಾಗಿ ಮಾರೋನು ಎಷ್ಟೇ ಅರ್ಜೆಂಟ್ ಮಾಡಿದ್ರೂ ಮೊದ್ಲು ಬ್ಯಾಂಕು, ಆಮೇಲೆ ಬಿಲ್ಲು.